ಏಳನೇ ತಟ್ಟೆಯ ವರದಿ

ಮೊಂಡಿ,

ನಿನ್ನ ಏಳನೇ ತಟ್ಟೆಯಲ್ಲಿ ಎರಡು ಬಗೆಯ ಬೂಷ್ಟು ಬೆರೆತಿರಲಿಲ್ಲ. ಇದ್ದದ್ದು ಒಂದೇ. ವಂಶವಾಹಿ ವಿಭಾಗದ ಮೇಡಂ ಇವತ್ತು ಬೆಳಿಗ್ಗೆ ನಮ್ಮ ಪ್ರಯೋಗಾಲಯಕ್ಕೆ ವರದಿ ತಂದುಕೊಟ್ಟರು. ಈಚೆಗೆ ಇನ್ನೊಂದು ತಟ್ಟೆಯಲ್ಲೂ ಹಾಗೇ ಆದದ್ದರಿಂದ, ಫ್ರಿಜ್‌ನಲ್ಲಿ ಉಳಿದಿದ್ದ ನಿನ್ನದನ್ನೂ ಪರೀಕ್ಷೆಗೆ ಕಳಿಸಿದ್ದೆವು.

ನಮ್ಮ ಬೂಷ್ಟಿನಲ್ಲಿ ಎರಡು ಬಗೆ, ಒಂದು ಬಿಡುವ ರಾಸಾಯನಿಕ ಸಂಕೇತಕ್ಕೆ ಇನ್ನೊಂದು ಓಗೊಟ್ಟರೆ ಮಾತ್ರ ಕೂಡುತ್ತವೆ ಎಂದು ಎಲ್ಲರೂ ನಂಬಿದ್ದೆವು. ನೀನು ಒಂದೇ ಬಗೆ ಬಿತ್ತಿದ್ದರೂ ಕೂಡಿದಾಗ ಮಾತ್ರ ಹುಟ್ಟುವ ಬೀಜಕಣಗಳು ಬಂದಿದ್ದವು. "ಏನಮ್ಮಾ, ಬೂಷ್ಟು ತನ್ನನ್ನೇ ಮದುವೆಯಾಯ್ತಾ?" ಎಂದು ಸಾಹೇಬರು ಕೇಳಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಗಿದ್ದು ಅದೇ. ಕೆಲವು ಕೋಶಗಳಲ್ಲಿ ವಂಶವಾಹಿಯ ತುಣುಕೊಂದು ಬದಲಾಗಿ ಅವು ಇನ್ನೊಂದು ಬಗೆಯಾಗಿವೆ, ಪಕ್ಕದ ಕೋಶಗಳ ಸಂಕೇತಕ್ಕೆ ಓಗೊಟ್ಟಿವೆ.

ನೀನು ಬಿತ್ತುವಾಗ ನಾನು ಪಕ್ಕದ ಸ್ಟೂಲಿನಲ್ಲಿದ್ದೆ. ನಿನ್ನ ಮುಂದೆ ಇದ್ದದ್ದು ಒಂದೇ ಬಗೆಯ ಬೂಷ್ಟಿನ ಒಂದೇ ಸೀಸೆ. "ನೀನು ನೋಡಿದೀಯಲ್ಲೇ, ಹೇಳೇ" ಎಂದು ನೀನು ಕೇಳಿದಾಗ, "ಗಮನಿಸಲಿಲ್ಲ ಕಣೇ" ಎಂದುಬಿಟ್ಟೆ. ರಿಜಿಸ್ಟರಿನಲ್ಲಿ 'ಕೈತಪ್ಪು, ಎರಡು ಬಗೆ ಬೆರೆತಿವೆ' ಎಂದು ಬರೆದವಳೂ ನಾನೇ. ಮುಂದಿನ ತಿಂಗಳು ನೀನು ಕೆಲಸ ಬಿಟ್ಟೆ. ಕಳೆದ ವರ್ಷ ನಿನ್ನ ಅಣ್ಣ ಫೋನ್ ಮಾಡಿದಾಗ ಎಲ್ಲ ಮುಗಿದಿತ್ತು. ಕಾಯಿಲೆಯ ವಿಷಯ ನನಗೆ ತಿಳಿಸುವುದು ಬೇಡ ಎಂದಿದ್ದೆಯಂತೆ.

ಸಾಹೇಬರು ವರದಿ ಓದಿ, "ಆ ಮೊಂಡಿ ಹೇಳಿದ್ದೇ ಸರಿ ಕಣ್ರೀ. ಅವತ್ತು ಪಕ್ಕದಲ್ಲಿ ಯಾರಿದ್ರು?" ಎಂದರು.

"ನಾನೇ, ಸರ್."

"ಹಾಗಾದ್ರೆ ತಿದ್ದುಪಡಿ ನೀವೇ ಬರೀರಿ."

ಒಂದೇ ಸೀಸೆಯಿತ್ತು, ನಾನು ನೋಡಿದ್ದೆ ಎಂದು ಬರೆದಿದ್ದೇನೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸಭೆಯಲ್ಲಿ ಅದನ್ನು ಓದಬೇಕು.