ಬಿಳಿ ಕೈಗವಸು

ನವೆಂಬರ್ 14, 1633

ಬೆಳಗಿನ ಪ್ರಾರ್ಥನೆ. ಆಳುಗಳ ಜೊತೆ ನಾನೂ ಹಂದಿಮಾಂಸಕ್ಕೆ ಉಪ್ಪು ಹಾಕಿದೆ. ಕೈ ಇನ್ನೂ ಉರಿಯುತ್ತಿತ್ತು, ಲಂಡನ್ನಿನಿಂದ ಸುದ್ದಿ ಬಂತು — ಪಟ್ಟಿಯಲ್ಲಿದ್ದ ಮೂರು ಹೆಸರುಗಳಲ್ಲಿ ದೊರೆ ಸೂಜಿ ಚುಚ್ಚಿ ಆರಿಸಿದ್ದು ನಮ್ಮ ಯಜಮಾನರ ಹೆಸರನ್ನು. ಇನ್ನು ಒಂದು ವರ್ಷ ಜರ್ವೇಸ್ ನಾಟಿಂಗ್‌ಹ್ಯಾಮ್ ಕೌಂಟಿಗೆ ಶೆರೀಫ್.

ಖರ್ಚೆಲ್ಲ ಕೈಯಿಂದಲೇ, ಎಲ್ಲರೂ ತಪ್ಪಿಸಿಕೊಳ್ಳುವ ಹುದ್ದೆ. ಇವರೂ ಬಂದವರೆದುರೆಲ್ಲ ಹಣೆ ಚಚ್ಚಿಕೊಂಡರು. ಆಮೇಲೆ ನೋಡಿದರೆ ಕನ್ನಡಿಯ ಮುಂದೆ ಶೆರೀಫನ ಬಿಳಿ ಕೋಲಿನ ಹಾಗೆ ಒಂದು ಕೋಲು ಹಿಡಿದು ನಿಂತಿದ್ದಾರೆ.

ಡಿಸೆಂಬರ್ 27

ಊಟಕ್ಕೆ ನೆರೆಯ ಜಮೀನಿನ ಸರ್ ಪಿಯರ್ಸ್. ತಲೆಮಾರುಗಳಿಂದ ನ್ಯಾಯಪೀಠದಲ್ಲಿ ಕೂತ ಮನೆತನ. ನಾಲಿಗೆಯೂ ತೀರ್ಪು ಕೊಡುವಂಥದ್ದೇ.

"ಏನಯ್ಯಾ ಜರ್ವೇಸ್, ನಿಮ್ಮಜ್ಜ ಉಣ್ಣೆ ತೂಗ್ತಿದ್ದ. ನೀನೀಗ ಕಳ್ಳರನ್ನ ತೂಗ್ಹಾಕ್ತೀಯಾ!"

ಎಲ್ಲರಿಗಿಂತ ಜೋರಾಗಿ ನಕ್ಕವರು ಜರ್ವೇಸ್.

ಲೆಟಿಸ್ ಬಂದಿದ್ದಾಳೆ. ಇರುವವಳು ಒಬ್ಬಳೇ ಮಗಳು. ಕೊಟ್ಟಿದ್ದು ನದಿಯಾಚೆ, ಲಿಂಕನ್ ಕೌಂಟಿಗೆ. ಚೊಚ್ಚಲ ಬಸಿರು.

"ಅಮ್ಮಾ, ಮಾರ್ಚ್‌ನಲ್ಲಿ ನೀನು ಹತ್ರ ಇರ್ತೀಯಲ್ವಾ?"

"ಇರ್ತೀನಿ ಕಣೇ."

"ಅಪ್ಪಾ, ನೀವು?"

"ಶೆರೀಫ್ ಆದವನು ವರ್ಷಪೂರ್ತಿ ಕೌಂಟಿ ದಾಟೋ ಹಾಗಿಲ್ಲ ಮಗಳೇ. ದೊರೆ ಅಪ್ಪಣೆ ಬೇಕು." ಹೇಳುವಾಗ ಎದೆ ಉಬ್ಬಿತ್ತು.

"ಸರಿ, ಹಾಗಾದ್ರೆ ದಡದಲ್ಲಿ ನಿಂತು ಕೂಗಿ. ಕೇಳಿಸತ್ತೆ!"

ಫೆಬ್ರವರಿ 11

ಮಾರ್ಚ್‌ನಲ್ಲಿ ನ್ಯಾಯಾಧೀಶರು ಬಂದು ವಿಚಾರಣೆ ನಡೆಸುತ್ತಾರೆ. ಯಾರಿಗೂ ನೇಣಾಗದಿದ್ದರೆ ನ್ಯಾಯಾಧೀಶರಿಗೆ ಶೆರೀಫ್ ಬಿಳಿ ಕೈಗವಸು ಕೊಡುವುದು ಪದ್ಧತಿ. ಪಿಯರ್ಸ್ ಶೆರೀಫ್ ಆಗಿದ್ದಾಗ ಅದು ಆಗಿರಲಿಲ್ಲ. ಹಾಗಾಗಿ ನಮ್ಮಲ್ಲಿ ಆಗಲೇಬೇಕು. ಮೇಕೆಮರಿಯ ಚರ್ಮದ್ದು, ಎರಡು ಜೊತೆ ಬಂದಿದೆ. ಬೆಳ್ಳಿಯಂಚು ಹೊಲಿಯುವವಳು ನಾನು.

ಕವಿತೆಯ ಪುಸ್ತಕ ಪಕ್ಕದಲ್ಲೇ ಇತ್ತು. ಹಿಮ, ಹಂಸ, ಪ್ರೇಯಸಿಯ ಕೊರಳು... ಬಿಳುಪಿನ ಬಗ್ಗೆ ಎಷ್ಟು ಸಲೀಸಾಗಿ ಬರೆದುಬಿಡುತ್ತಾರೆ.

ಮಾರ್ಚ್ 3

ಲೆಟಿಸ್ ಮನೆಗೆ ಹೊರಡಲು ಪೆಟ್ಟಿಗೆ ಕಟ್ಟಿದ್ದೆ. ಜರ್ವೇಸ್ ಅದನ್ನು ಗಾಡಿಯಿಂದ ಇಳಿಸಿದರು.

"ನ್ಯಾಯಾಧೀಶರ ಊಟಕ್ಕೆ ನೀನಿಲ್ದಿದ್ರೆ ಆ ಕುರ್ಚೀಲಿ ಪಿಯರ್ಸ್ ಹೆಂಡ್ತಿ ಕೂರ್ತಾಳೆ."

"ಕೂರ್ಲಿ ಬಿಡಿ."

"ಕುದುರೆ ಎಲ್ಲಾ ಮೆರವಣಿಗೆಗೆ ಬೇಕು. ಹೇಗ್ ಹೋಗ್ತೀಯಾ, ಹಾರ್ಕೊಂಡಾ?"

ಪೆಟ್ಟಿಗೆಯನ್ನು ಮತ್ತೆ ಎತ್ತಲು ಹೋದೆ. ಆಮೇಲೆ ದನಿ ಇಳಿಸಿದರು. "ನೋವು ಶುರುವಾಯ್ತು ಅಂತ ಸುದ್ದಿ ಬಂದ ಕ್ಷಣ ಕಳಿಸ್ತೀನಿ. ಆಣೆಗೂ."

ಮಾರ್ಚ್ 8, ನಾಟಿಂಗ್‌ಹ್ಯಾಮ್, ಸಂಜೆ

ಕುದುರೆ ಕದ್ದವನಿಗೆ ನೇಣಾಯಿತು. ಕೈಗವಸು ಡಬ್ಬಿಯಲ್ಲೇ ಉಳಿಯಿತು. "ಅಂಗಡಿಯವ್ನು ವಾಪಸ್ ತಗೋತಾನಾ ಕೇಳಯ್ಯಾ," ಎಂದರು ಪಿಯರ್ಸ್. ಜರ್ವೇಸ್ ಮೀನಿನ ಮುಳ್ಳು ಬಿಡಿಸುತ್ತಲೇ ಇದ್ದರು. ನಾನು ಆ ಕುರ್ಚಿಯಲ್ಲಿ ಕೂತಿದ್ದೆ.

ಕೊನೆಯ ಸುತ್ತು ಬಡಿಸಿ ಎನ್ನಲು ಅಡುಗೆಮನೆಗೆ ಹೋದೆ. ಮೂಲೆಯಲ್ಲಿ ಲೆಟಿಸ್ ಮನೆಯ ಮುದಿ ಆಳು ವಾಟ್. ನನ್ನನ್ನು ಕಂಡು ಎದ್ದ. ಅವನ ಬೂಟಿನ ಕೆಸರು ಒಣಗಿ ಉದುರುತ್ತಿತ್ತು.

"ಯಾವಾಗ ಬಂದೆ?"

"ಬೆಳಿಗ್ಗೇನೇ ಅಮ್ಮಾವ್ರೇ. ಕೂಸು ಅಡ್ಡ ಬಂದೈತೆ. ಅಮ್ಮನ್ನ ಕರೀರಿ ಅಂತ ಒಂದೇ ಸಮ ಅಳ್ತಿದ್ರು. ನಿಮ್ಮ ಯಜಮಾನ್ರಿಗೆ ಆಗ್ಲೇ ಹೇಳ್ದೆ... ಊಟ ಮುಗೀಲಿ ಅಂದ್ರು."

ಗಾಡಿ ಕಟ್ಟುತ್ತಿದ್ದಾರೆ. ಕೈಗೆ ಬೇರೆ ಕೆಲಸವಿಲ್ಲ, ಬರೆಯುತ್ತಿದ್ದೇನೆ.

ಮಾರ್ಚ್ 12

ನಾನು ದೋಣಿ ಹತ್ತುವ ಮೊದಲೇ ಮುಗಿದಿತ್ತು. ಲೆಟಿಸ್. ಮಗುವೂ.

ಹೆರಿಗೆಯಲ್ಲಿ ತೀರಿಕೊಂಡವಳನ್ನು ಹೆಂಗಸರೇ ಹೊರಬೇಕು, ಬಿಳಿ ಕೈಗವಸು ತೊಟ್ಟು. ಇವತ್ತು ಬೆಳಿಗ್ಗೆ ವಾಟ್ ಆಚೆ ದಡದಿಂದ ಆ ಡಬ್ಬಿ ತಂದುಕೊಟ್ಟ. ಮುಖ ನೋಡದೆ ಹೇಳಿದ: "ಹೊಸದೇ ಐತೆ, ಸುಮ್ನೆ ಯಾಕೆ ಹಾಳಾಗ್ಬೇಕು ಅಂದ್ರು ನಿಮ್ಮ ಯಜಮಾನ್ರು."

ಗಂಡಸರ ಅಳತೆ. ಬೆರಳ ತುದಿಗಳು ಖಾಲಿ ಖಾಲಿ. ಒಂದು ಜೊತೆ ನಾನೇ ತೊಟ್ಟೆ.

ಚರ್ಚಿನ ಅಂಗಳದಿಂದ ನದಿ ಕಾಣುತ್ತದೆ. ಆಚೆ ದಡದಲ್ಲಿ ಜರ್ವೇಸ್. ಕೈಯಲ್ಲಿ ಬಿಳಿ ಕೋಲು, ಹಿಂದೆ ಭರ್ಜಿ ಹಿಡಿದ ಕಾವಲಿನವರು. ನೀರಿನ ಅಂಚು ದಾಟಿ ಒಂದು ಹೆಜ್ಜೆಯೂ ಈಚೆಗಿಲ್ಲ. ಕೂಗುತ್ತಿದ್ದರು. ಗಾಳಿ ಈ ಕಡೆಗೇ ಇತ್ತು. ಮಗಳ ಹೆಸರು... ಸರಿಯಾಗಿಯೇ ಕೇಳಿಸಿತು. ಕೇಳಿಸುತ್ತದೆ ಎಂದಿದ್ದಳಲ್ಲ.

ಕೈ ಎತ್ತಿದ್ದರೆ ಅವರಿಗೆ ಕಾಣುತ್ತಿತ್ತು, ಅಷ್ಟು ಬಿಳುಪು. ಎರಡೂ ಕೈಗಳನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡೆ.