ಕ್ಯೋಟೋದ ಹೂವು, ಮುಂಡಳ್ಳಿಯ ಮೊಗ್ಗು

ಮುಂಡಳ್ಳಿ, ಭಟ್ಕಳ
ಮಾರ್ಚ್ 23

ನನ್ನ ಹಟಮಾರಿ ತಂಗಿ ಮಾಲಿನಿಗೆ, ಅವಳಿಗಿಂತ ದೊಡ್ಡ ಹಟಮಾರಿ ಅಕ್ಕ ದುರ್ಗಾ ಮಾಡುವ ಆಶೀರ್ವಾದಗಳು.

ಕಾಗದ ಬಂತೆಂದು ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ನನಗೆ ಸಿಟ್ಟು ಮೊದಲು ಬರುತ್ತದೆ, ಮಾತು ಆಮೇಲೆ. ನೀನೂ ಎರಡು ವಾರದಿಂದ ಫೋನ್ ಮಾಡಿಲ್ಲ. ನಾಳೆ ನಿನ್ನ ಭಾವ ಕುಮಟೆಗೆ ಬರುವವರಿದ್ದಾರೆ, ಅವರ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ಇದನ್ನು ಮುಂದೆ ಓದುವ ಮೊದಲು ಅವರಿಗೆ ಒಂದು ಲೋಟ ಚಾ ಕೊಡು, ಬಿಸಿಲಲ್ಲಿ ಬಂದಿರುತ್ತಾರೆ.

ನಮ್ಮಿಬ್ಬರ ಜಪಾನ್ ಪ್ರವಾಸಕ್ಕೆಂದು ನೀನು ಬರೆದುಕೊಟ್ಟ ಪ್ಲ್ಯಾನನ್ನು ಅಕ್ಕಿ ಡಬ್ಬಿಗೆ ಅಂಟಿಸಿದ್ದೆನಲ್ಲ, ಅದಿನ್ನೂ ಅಲ್ಲೇ ಇದೆ. ಬರುವುದಿಲ್ಲ ಎಂದವಳು ದಿನಾ ಅದನ್ನೇ ಯಾಕೆ ಓದುತ್ತೀ ಎಂದು ನಿನ್ನ ಭಾವ ಕೇಳುತ್ತಾರೆ. ಅಕ್ಕಿ ತೆಗೆಯುವಾಗ ಕಣ್ಣಿಗೆ ಬೀಳ್ತದೆ, ನಾ ಎಂತ ಮಾಡ್ಲಿ ಅಂದೆ.

ಓದಿದ್ದಕ್ಕೆ ಹೇಳುತ್ತೇನೆ, ಪ್ಲ್ಯಾನು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮೊದಲು ಕ್ಯೋಟೋ, ಹಳೆಯ ಊರು, ಮರದ ಮನೆಗಳು, ದೇವಸ್ಥಾನಗಳು. ಸರಿ. ಅಲ್ಲಿ ಛತ್ರದಂಥ ಹಳೇ ಮನೆಯಲ್ಲಿ ನೆಲಕ್ಕೆ ಚಾಪೆ ಹಾಸಿ ಮಲಗಿಸುತ್ತಾರೆ ಎಂದು ಕೆಂಪು ಪೆನ್ನಿನಲ್ಲಿ ಗೀಟು ಹಾಕಿದ್ದೀ. ಹುಟ್ಟಿದಾಗಿನಿಂದ ಚಾಪೆಯ ಮೇಲೇ ಮಲಗಿದವರು ನಾವು, ಅದಕ್ಕೆ ಸಮುದ್ರ ದಾಟಬೇಕಾ? ಆಮೇಲೆ ಬುಲೆಟ್ ರೈಲು ಹತ್ತಿ ಟೋಕಿಯೋ. ನಾಲ್ಕೂ ದಿಕ್ಕಿನಿಂದ ಜನ ಒಟ್ಟಿಗೇ ರಸ್ತೆ ದಾಟುತ್ತಾರಂತೆ, ಅದನ್ನು ಮಾಳಿಗೆಯ ಮೇಲೆ ನಿಂತು ನೋಡುವುದಂತೆ. ರಂಜಾನ್ ಪೇಟೆಯ ಹೊತ್ತಿಗೆ ಭಟ್ಕಳಕ್ಕೆ ಬಾ, ನಾನೂ ತೋರಿಸುತ್ತೇನೆ. ಹಸಿ ಮೀನು ತಿನ್ನುವುದೆಂದು ಬರೆದ ಸಾಲಿಗೆ ಮಾತ್ರ ನಾನೇ ಕಾಟು ಹೊಡೆದಿದ್ದೇನೆ. ಬಂಗುಡೆ ಕೆಂಪಗೆ ಹುರಿಯುವವರೆಗೆ ನನಗೆ ಅದು ಮೀನೇ ಅಲ್ಲ.

ಹೂವಿನ ಸಾಲಿಗೆ ಕಾಟು ಹೊಡೆಯಲು ಕೈ ಬರಲಿಲ್ಲ. ಕ್ಯೋಟೋದಲ್ಲಿ ಮರವೆಲ್ಲ ಹೂ ಬಿಟ್ಟಾಗ ಜನ ಬುತ್ತಿ ಕಟ್ಟಿಕೊಂಡು ಹೋಗಿ ಅದರಡಿ ಕೂತಿರುತ್ತಾರೆ, ಯಾರೂ ಒಂದು ಎಸಳನ್ನೂ ಕೀಳುವುದಿಲ್ಲ ಎಂದು ನೀನು ಹೇಳಿದಾಗ ನಕ್ಕಿದ್ದೆ. ನಮ್ಮ ಕೆಲಸವೇ ಅರಳುವ ಮೊದಲು ಬಿಡಿಸುವುದು. ಅವ್ವ ತೀರಿದಾಗ ನೀನು ನಾಲ್ಕನೇ ಇಯತ್ತೆ. ಅಂದಿನಿಂದ ನಸುಕಿಗೆ ಮಲ್ಲಿಗೆ ಮೊಗ್ಗು ಬಿಡಿಸಿ, ದಂಡೆ ಕಟ್ಟಿ, ಪೇಟೆಗೆ ಕಳಿಸುತ್ತ ಬಂದವಳು ನಾನು. ನಮ್ಮದೇ ಹಿತ್ತಲು ಅರಳಿದ್ದನ್ನು ಒಂದು ದಿನವೂ ನೋಡಿಲ್ಲ. ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹೂ ಬಿಡಿಸಲು ಜನ ಇಲ್ಲ ಎಂದದ್ದು ನೆಪ ಎಂದು ನೀನು ತಿಳಿದಿದ್ದೀ. ಅರ್ಧ ನೆಪ, ಅರ್ಧ ನಿಜ. ಪಕ್ಕದ ಮನೆ ಹೊನ್ನಮ್ಮನಿಗೆ ಒಂದು ಬೆಳಿಗ್ಗೆ ಬಿಟ್ಟು ನೋಡಿದೆ. ಇವತ್ತು ಸಂಜೆ ಅರಳುವ ಬೆಳ್ಳನೆಯ ಮೊಗ್ಗು ಮಾತ್ರ ಬಿಡಿಸು, ಹಸಿರಿರುವುದು ನಾಳೆಯದು, ನಾಡಿದ್ದಿನದು ಎಂದು ಸಾವಿರ ಸಲ ಹೇಳಿದ್ದೆ. ಅವಳು ಒಂದು ಸಾಲನ್ನೇ ಬೋಳಿಸಿ, “ಆತು ಅಕ್ಕ, ಒಂದೂ ಬಿಡ್ಲಿಲ್ಲ ನೋಡು” ಎಂದು ಬುಟ್ಟಿ ತಂದಿಟ್ಟಳು. ಬೈಯಲು ಮನಸ್ಸು ಬರಲಿಲ್ಲ, ಪಾಪ, ಬೆವರು ಇಳಿಸಿಕೊಂಡು ನಿಂತಿದ್ದಳು.

ಇನ್ನರ್ಧ ಹೇಳುತ್ತೇನೆ. ಟಿಕೆಟ್ಟು ಆಗಿ, ವೀಸಾ ಬಂದು, ಹೊಸ ಬ್ಯಾಗೂ ತಂದ ಮೇಲೆ ಆ ಶನಿವಾರ ಊಟಕ್ಕೆ ಕೂತಾಗ ನೀನು ಮದುವೆಯ ಸುದ್ದಿ ತೆಗೆದೆ. ಮೇ ತಿಂಗಳಲ್ಲಿ ಮದುವೆ, ಕುಮಟೆಯ ಡ್ರಾಯಿಂಗ್ ಟೀಚರ್ ಕೆಲಸ ಬಿಟ್ಟು ಗುರುದತ್ತನ ಜೊತೆ ರತ್ನಾಗಿರಿಗೆ ಹೋಗುತ್ತೇನೆ ಎಂದೆ. ಗುರುದತ್ತನ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಹೊನ್ನಾವರ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದಾಗಿನಿಂದ ನೋಡಿದ ಮನುಷ್ಯ, ಮೆತ್ತಗೆ ಮಾತಾಡುತ್ತಾನೆ, ನಿನ್ನನ್ನು ಕಂಡರೆ ಮುಖ ಅರಳುತ್ತದೆ. ನಲವತ್ತು ದಾಟಿದ ಮೇಲೆ ನಿನಗೆ ಮನಸ್ಸಿಗೆ ಒಪ್ಪಿದವನು ಸಿಕ್ಕಿದನಲ್ಲ ಎಂದು ಕುಣಿಯಬೇಕಿತ್ತು ನಾನು. ಆದರೆ ಮಗುವಿಗೆ ಕಿವಿ ಚುಚ್ಚುವಾಗ ಬಾಯಿಗೆ ಬೆಲ್ಲ ಇಡುತ್ತಾರಲ್ಲ, ಜಪಾನು ನನಗೆ ಆ ಬೆಲ್ಲದ ಹಾಗೆ ಕಂಡಿತು. ತಿನ್ನಿಸಿ, ಸುಮ್ಮನಾಗಿಸಿ, ನೀನು ಹೊರಟುಹೋಗುತ್ತೀ ಅನ್ನಿಸಿತು. ಅದಕ್ಕೇ ಗಿಡ ಬಿಟ್ಟು ನಾ ಎಲ್ಲಿಗೂ ಬರುದಿಲ್ಲ ಎಂದು ಎಲೆ ಮುಂದಿನಿಂದ ಎದ್ದೆ.

ನೀನು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದ ಮಾತು ಕಿವಿಯಲ್ಲಿ ಕೂತಿದೆ: “ನೀ ಖುಷಿಯಿಂದ ಕಳ್ಸುದಾದ್ರೆ ಮಾತ್ರ ಈ ಮದ್ವೆ. ಇಲ್ದಿದ್ರೆ ಬೇಡ ಅಂತ ಅವ್ರಿಗೆ ಹೇಳ್ತೆ.” ನೀನು ಹೇಳಿದರೆ ಹಾಗೆಯೇ ಮಾಡುವವಳು ಎಂದು ನನಗೆ ಗೊತ್ತು. ಈ ಎರಡು ವಾರ ನನಗೆ ಅನ್ನ ರುಚಿಸಿಲ್ಲ. ಶನಿವಾರ ಬಂದರೆ ಕುಮಟೆ ಬಸ್ಸಿನ ಹೊತ್ತಿಗೆ ಕಾಲು ತಾನಾಗಿ ಗೇಟಿಗೆ ಹೋಗುತ್ತದೆ. ಮುಂದೆ ಯಾವ ಶನಿವಾರವೂ ನೀನು ಬರುವುದಿಲ್ಲ ಎಂದು ನೆನೆದು ಒಬ್ಬಳೇ ಅತ್ತಿದ್ದೇನೆ, ಇದನ್ನು ನಿನ್ನ ಭಾವನಿಗೆ ಹೇಳಬೇಡ. ಅತ್ತು ಮುಗಿದ ಮೇಲೆ ನನಗೇ ನಾಚಿಕೆಯಾಯಿತು. ನಿನ್ನನ್ನು ಸಾಕಿದ್ದು ಶನಿವಾರ ಬರಲಿ ಎಂದೇನಲ್ಲವಲ್ಲ.

ಈಗ ಕೇಳು. ಮೊನ್ನೆ ಈದ್ ಹಬ್ಬದ ಹೂ ಕೊಟ್ಟು ಮುಗಿಯಿತು. ಮರುದಿನವೇ ಕತ್ತರಿ ಹಿಡಿದು ಅಷ್ಟೂ ಗಿಡಗಳನ್ನು ಸವರಿಬಿಟ್ಟೆ. ಇನ್ನು ಕೆಲವು ವಾರ ಬಿಡಿಸಲು ಮೊಗ್ಗೇ ಇಲ್ಲ. ನೀರು ಹಾಕಲು ನಿನ್ನ ಭಾವ ಸಾಕು. ಮಳೆಗಾಲ ಕಳೆದ ಮೇಲೆ ಸವರುವ ಗಿಡವನ್ನು ತುಂಬು ಸೀಸನ್ನಿನಲ್ಲಿ ಸವರಿದ್ದಕ್ಕೆ ಅವರು ತಲೆಯ ಮೇಲೆ ಕೈ ಹೊತ್ತು, “ನಿಂಗೆ ಎಂತ ಆಗದೆ ಮಾರಾಯ್ತಿ” ಎಂದು ಕೂಗಿದರು. ಹೂವಿನ ಅಂಗಡಿಯವನೂ ಮುಖ ಸಿಂಡರಿಸಿದ. ಯಾರಿಗೂ ಕಾರಣ ಹೇಳಿಲ್ಲ.

ಅಂದರೆ ಬರುತ್ತೇನೆ, ಮಾಲಿನಿ. ಕ್ಯೋಟೋದಲ್ಲಿ ಚಾಪೆಯ ಮೇಲೆ ಮಲಗುತ್ತೇನೆ, ಟೋಕಿಯೋದಲ್ಲಿ ಜನ ರಸ್ತೆ ದಾಟುವುದನ್ನೂ ನೋಡುತ್ತೇನೆ. ಮಾವಿನ ಮಿಡಿ ಉಪ್ಪಿನಕಾಯಿ, ಅವಲಕ್ಕಿ ಕಟ್ಟಿಟ್ಟಿದ್ದೇನೆ. ಬ್ಯಾಗಿನ ಚಕ್ರ ಅಂಗಳದಲ್ಲಿ ಉರುಳಿಸಿ ನೋಡಿದ್ದೂ ಆಯಿತು. ನೀನು ಮಾತ್ರ ಒಂದು ಮಾತು ಕೊಡು: ಆ ಮರದಡಿ ಕೂತಾಗ ಬೇಗ ಏಳಿಸಬೇಡ. ಇಬ್ಬರೂ ಕೈ ಕಟ್ಟಿಕೊಂಡು, ಎಂತದೂ ಬಿಡಿಸದೆ, ಸುಮ್ಮನೆ ಕೂತಿರೋಣ.

ನಿನ್ನ ಫೋನಿಗೆ ಕಾಯುತ್ತಿರುವ
ಅಕ್ಕ,
ದುರ್ಗಾ

ತಾ.ಕ.: ಗಿಡ ಸವರಿದ್ದು ಜಪಾನಿಗೋಸ್ಕರ ಎಂದು ತಿಳಿಯಬೇಡ. ಜಪಾನಿಗಾದರೆ ಹೊನ್ನಮ್ಮನಿಗೇ ಇನ್ನೊಮ್ಮೆ ಕಲಿಸಬಹುದಿತ್ತು. ಸವರಿದ ಮಲ್ಲಿಗೆ ಚಿಗುರಿ ಮೈತುಂಬ ಮೊಗ್ಗು ಬಿಡಲು ಒಂದೂವರೆ ತಿಂಗಳು ಹಿಡಿಯುತ್ತದೆ, ನಿನ್ನ ಮದುವೆ ಮೇ ಎರಡನೇ ವಾರ. ಈ ಭಟ್ಕಳದಲ್ಲಿ ಯಾರ್ಯಾರ ಮದುವೆಗೋ ದಂಡೆ ಕಟ್ಟಿದ ಕೈ ಇದು. ಮದುಮಗಳ ಹೂವಿಗೆ ಎಲ್ಲೂ ಹೇಳಬೇಡಿ, ಅದು ಅಕ್ಕನ ಮನೆಯಿಂದ ಬರುತ್ತದೆ ಎಂದು ಗುರುದತ್ತನಿಗೆ ತಿಳಿಸು.