ಹಿಂಡದೆ ಬಿಟ್ಟ ಮಂಜುಬಲೆ

ಕಪ್ಪತಗುಡ್ಡದ ಮೇಲೋಣಿ,
ಗಾಳಿಶಕ ನೂರಾ ಅರವತ್ತೊಂದು, ಆಷಾಢದ ಮೂವತ್ತಾರನೆಯ ದಿನ, ಬೆಳಗು.

ಬೆಟಗೇರಿಯ ಗುರುಬಸವ್ವ ಆಯಿಯವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳ ಮಗಳು ಗಂಗಮಾಳವ್ವ ಮಾಡುವ ಶರಣು.

ತಾರೀಖು ನೋಡಿ ನಗಬೇಡಿ. ತಿಂಗಳಿಗೆ ಮೂವತ್ತೇ ದಿನವೆಂದು ನನಗೂ ಗೊತ್ತು. ಆದರೆ ನಮ್ಮಲ್ಲಿ ಆಷಾಢದ ಗಾಳಿ ನಿಂತ ಮೇಲೆಯೇ ಶ್ರಾವಣ ಶುರುವಾಗುತ್ತದೆ, ಮತ್ತು ಗಾಳಿ ಪಂಚಾಂಗದ ಮಾತು ಕೇಳುವುದನ್ನು ಯಾವಾಗಲೋ ಬಿಟ್ಟಿದೆ. ನನ್ನ ಬರವಣಿಗೆಯೂ ನಿಮಗೆ ವಿಚಿತ್ರವೆನಿಸಬಹುದು. ಕೆಲವು ಮಾತುಗಳು ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿಲ್ಲ, ಬಂದಲ್ಲಿ ಬಿಡಿಸಿ ಹೇಳುತ್ತೇನೆ. ನಿಮ್ಮನ್ನು ಆಯಿ ಎಂದು ಕರೆಯುವುದಕ್ಕೂ ಕ್ಷಮೆ ಇರಲಿ. ಈ ಓಲೆ ಕೈಸೇರುವಾಗ ನಿಮಗೆ ಮೂವತ್ತೂ ತುಂಬಿರುವುದಿಲ್ಲ, ಬರೆಯುತ್ತಿರುವ ನನಗೆ ಐವತ್ತು ದಾಟಿದೆ.

ಹಿಂದಿನ ಕಾಲದವರಿಗೆ ಬರೆಯುವ ಇಂಥ ಓಲೆಗೆ ಹಿಂದೋಲೆ ಎನ್ನುತ್ತಾರೆ. ಇದನ್ನು ಬರೆಯಲು ಹೇಳಿದವರು ಬಿಡುಗಡೆ ಮನೆಯ ವೈದ್ಯೆ ಮೌಲಾಬಿ. ಬಿಡುಗಡೆ ಮನೆ ಎಂದರೆ ಚಟಕ್ಕೆ ಸಿಕ್ಕವರಿಗೆ ಚಿಕಿತ್ಸೆ ಕೊಡುವ ಜಾಗ. ಅಲ್ಲಿ ರೋಗಿಯ ಜೊತೆಗೆ ರೋಗಿಯ ಮನೆಯವರಿಗೂ ಔಷಧಿ ಇದೆ, ನನಗೆ ಬರೆದುಕೊಟ್ಟ ಔಷಧಿ ಇದು: ರೋಗಿಯ ಕೆಲಸ ನಾನೇ ಮಾಡಿಬಿಡಬೇಕೆಂದು ಕೈ ತುರಿಸಿದಾಗ ತೀರಿಹೋದ ಹಿರಿಯರೊಬ್ಬರಿಗೆ ಓಲೆ ಬರೆಯುವುದು. ಬದುಕಿರುವವರ ಹತ್ತಿರ ಹೇಳಿಕೊಂಡರೆ ಅಯ್ಯೋ ಪಾಪ, ತಮ್ಮನಲ್ಲವೇ, ಮಾಡಿಕೊಡು ಎಂದುಬಿಡುತ್ತಾರೆ. ಆದ್ದರಿಂದ ಕಲ್ಲಿನ ಮೇಲೆ ಕೂತು ನಿಮಗೆ ಬರೆಯುತ್ತಿದ್ದೇನೆ. ಎದುರಿಗೆ ನನ್ನ ತಮ್ಮ ಫಕೀರೇಶನ ಮಂಜುಬಲೆ ನೀರು ತುಂಬಿಕೊಂಡು ಜೋತುಬಿದ್ದಿದೆ. ಹಿಂಡಬೇಕಾದವನು ಬಂದಿಲ್ಲ. ನಾನು ಏಳುತ್ತಿಲ್ಲ.

ಏಳದೆ ಕೂರುವುದು ಎಷ್ಟು ಕಷ್ಟವೆಂದು ನಿಮಗೆ ತಿಳಿಯಬೇಕಾದರೆ ನಮ್ಮ ಬದುಕು ಸ್ವಲ್ಪ ಗೊತ್ತಾಗಬೇಕು. ಕೆಳಗಿನ ಬಯಲಿನಲ್ಲಿ ಈಗ ಹಗಲು ಹೊತ್ತು ಯಾರೂ ಇರಲಾರರು, ಅಷ್ಟು ಕಾವು. ನಾವೆಲ್ಲ ಗುಡ್ಡ ಹತ್ತಿ ಕೂತಿದ್ದೇವೆ. ಬೆಳಕಿಗೆ, ಒಲೆಗೆ ಗಾಳಿಗೆ ತಿರುಗಿ ಕರೆಂಟು ಕೊಡುವ ರೆಕ್ಕೆಗಳಿವೆ. ನಿಮ್ಮ ಕಾಲದಲ್ಲೇ ಇಲ್ಲಿ ಕೆಲವು ತಿರುಗುತ್ತಿದ್ದವಂತೆ. ಕುಡಿಯುವ ನೀರಿಗೆ ಮಂಜುಬಲೆ. ರಾತ್ರಿ ಗುಡ್ಡಕ್ಕೆ ಕವಿಯುವ ಮಂಜು ಈ ದಪ್ಪ ಬಲೆಗಳಿಗೆ ಅಂಟಿಕೊಳ್ಳುತ್ತದೆ. ಬೆಳಗಿನಲ್ಲಿ ಮನೆಗೊಬ್ಬರು ಬಂದು ತಮ್ಮ ಬಲೆಯನ್ನು ಮೇಲಿನಿಂದ ಕೆಳಕ್ಕೆ ಹಿಂಡಿ ನೀರನ್ನು ಓಣಿಯ ಹೊಂಡಕ್ಕೆ ಬಿಡಬೇಕು. ಬಿಸಿಲು ಏರಿದರೆ ನೀರು ಬಂದ ಹಾಗೆಯೇ ಹೊರಟುಹೋಗುತ್ತದೆ. ಈ ಹಿಂಡುವಿಕೆಗೆ ಪಾಳಿ ಎನ್ನುತ್ತೇವೆ, ನಮ್ಮ ಕೊಡುಕೊಳ್ಳುವಿಕೆಯೆಲ್ಲ ಪಾಳಿಯಲ್ಲೇ. ನನ್ನ ಬಾಗಿಲು ರಿಪೇರಿ ಮಾಡಿದವನಿಗೆ ನಾನು ಕೆಲವು ಬೆಳಗು ಅವನ ಬಲೆ ಹಿಂಡಿಕೊಡುತ್ತೇನೆ.

ನಾವು ಕಟ್ಟಿಕೊಂಡ ಜೂಜೂ ಅದರಲ್ಲೇ. ಸಂಜೆ ಗಾಳಿ ಇಳಿಯುವಾಗ ಗುಡ್ಡದ ಸಾಲಿನ ರೆಕ್ಕೆಗಳು ಒಂದೊಂದಾಗಿ ನಿಲ್ಲುತ್ತವೆ. ಯಾವುದು ಮೊದಲು ನಿಲ್ಲುತ್ತದೆ ಎಂದು ಪಣ ಕಟ್ಟುವುದಕ್ಕೆ ರೆಕ್ಕೆಪಣ ಎಂದು ಹೆಸರು. ಸೋತವರು ಗೆದ್ದವರ ಬಲೆ ಹಿಂಡಬೇಕು. ಹೆಚ್ಚಿನವರಿಗೆ ಅದು ಚಹಾ ಕುಡಿಯುವ ಹೊತ್ತಿನ ತಮಾಷೆ, ಆಡಿ ಎದ್ದು ಹೋಗುತ್ತಾರೆ. ಫಕೀರೇಶ ಗಾಳಿಕಾರ, ಅಂದರೆ ಗಾಳಿಯ ದಿಕ್ಕು ನೋಡಿ ರೆಕ್ಕೆ ತಿರುಗಿಸುವವನು. ಗಾಳಿ ತನಗೆ ಗೊತ್ತು ಎಂಬ ಹೆಮ್ಮೆ ಅವನಿಗೆ. ಮೊದಲ ಸಂಜೆಯೇ ಗೆದ್ದ. ಸೋತಿದ್ದರೆ ಚೆನ್ನಾಗಿತ್ತು.

ಆಮೇಲಿನದನ್ನು ನಾನು ಕಣ್ಣಾರೆ ನೋಡಿದೆ, ನೋಡಿಯೂ ಅದನ್ನು ಚಟ ಎಂದು ಕರೆಯಲಿಲ್ಲ. ಒಂದು ಪಾಳಿ ಕಟ್ಟುತ್ತಿದ್ದವನು ಹತ್ತು ಕಟ್ಟತೊಡಗಿದ, ಒಂದರಲ್ಲಿ ಅವನಿಗೆ ರುಚಿ ಉಳಿದಿರಲಿಲ್ಲ. ಸೋತದ್ದನ್ನು ಗೆಲ್ಲಲು ಮತ್ತೆ ಆಡಿದ. ಆಡದ ಸಂಜೆ ಸಣ್ಣದಕ್ಕೂ ಸಿಡಿಮಿಡಿ. ಊಟಕ್ಕೆ ಕೂತರೆ ಕಣ್ಣು ಕಿಟಕಿಯ ಆಚೆಗೆ. ಹಾಡುತ್ತಿದ್ದವನು ಹಾಡು ಬಿಟ್ಟ. ಎಲ್ಲಿದ್ದೆ ಎಂದು ಕೇಳಿದರೆ ಸುಳ್ಳು, ಬಿಡುತ್ತೇನೆ ಎಂದು ನನ್ನ ತಲೆ ಮುಟ್ಟಿ ಆಣೆ, ಮರುದಿನ ಸಂಜೆ ಮತ್ತೆ ಅಲ್ಲೇ. ಬೆಳಗಾದರೆ ಗೆದ್ದವರ ಬಲೆ ಹಿಂಡಲು ಆಚೆ ಇಳಿಜಾರಿಗೆ ಓಡಬೇಕು. ಅವನ ಸ್ವಂತ ಬಲೆ ಹಿಂಡುವವರು ಯಾರು?

"ಯಕ್ಕಾ, ಇದೊಂದ್ ಸಲ ಹಿಂಡಿಬಿಡು. ನಾಳೆ ಗೆದ್ದು ಎಲ್ಲಾ ಪಾಳಿ ಹೊಳ್ಳಿ ತರ್ತೀನಿ" ಅಂದ.

ಹಿಂಡಿದೆ. ಮತ್ತೆ ಹಿಂಡಿದೆ. ಎರಡು ವರ್ಷ ಹಿಂಡಿದೆ. ಮನೆಯವರು ಬದಲಿ ನಿಲ್ಲುವುದು ನಮ್ಮಲ್ಲಿ ತಪ್ಪಲ್ಲ, ದೊಡ್ಡ ಗುಣ. ಓಣಿಯಲ್ಲಿ ನನ್ನನ್ನು ತೋರಿಸಿ, "ಅಕ್ಕ ಅಂದ್ರ ಗಂಗಮಾಳವ್ವನಂಥಾಕಿ ಇರಬೇಕು ನೋಡ್ರಿ" ಎನ್ನುತ್ತಿದ್ದರು. ಸುಳ್ಳು ಯಾಕೆ ಹೇಳಲಿ ಆಯಿ, ಅದು ನನಗೆ ಬಹಳ ಹಿಡಿಸಿತ್ತು. ಕೈ ನೋಯುತ್ತಿದ್ದರೂ ಆ ಮಾತು ಕೇಳಲು ದಾರಿ ಬಳಸಿ ಮನೆಗೆ ಹೋಗುತ್ತಿದ್ದೆ.

ಕೊನೆಗೆ ಮಣಿಕಟ್ಟು ಊದಿಕೊಂಡಿತೆಂದು ಎಣ್ಣೆ ಕೇಳಲು ಮೌಲಾಬಿಯ ಹತ್ತಿರ ಹೋದೆ. ಅವರು ಎರಡೂ ಕೈ ತಿರುಗಿಸಿ ನೋಡಿದರು. "ಇವು ಒಂದು ಬಲಿ ಹಿಂಡೋ ಕೈ ಅಲ್ಲವಾ. ಯಾರದು ಇನ್ನೊಂದು?" ಎಂದರು. ಎಲ್ಲ ಹೇಳಿದೆ. ಇದು ಸೋಮಾರಿತನವಲ್ಲ, ಕೆಟ್ಟ ಬುದ್ಧಿಯಲ್ಲ, ಜೂಜಿನ ಚಟವೆಂಬ ಕಾಯಿಲೆ, ಇದಕ್ಕೆ ಚಿಕಿತ್ಸೆ ಇದೆ ಎಂದು ಅವರಿಂದಲೇ ಮೊದಲು ಕೇಳಿದ್ದು. ಗೆಲುವಿನ ಬಗ್ಗೆ ಮನಸ್ಸು ಹೇಳುವ ಸುಳ್ಳನ್ನು ಹಿಡಿಯಲು ಕೂತು ಮಾತಾಡಿಸಿ ಕಲಿಸುತ್ತಾರೆ. ಆಟದ ಜಾಗಕ್ಕೆ ಹೋಗದಂತೆ, ಅವನ ಹೆಸರಿನಲ್ಲಿ ಯಾರೂ ಪಣ ಹಿಡಿಯದಂತೆ ಅವನಿಂದಲೇ ಓಣಿಗೆಲ್ಲ ಸಾರಿ ಹೇಳಿಸುತ್ತಾರೆ. ಚಟ ಬಿಟ್ಟವರ ಜೊತೆ ವಾರಕ್ಕೊಮ್ಮೆ ಕೂರಿಸುತ್ತಾರೆ. ಮನಸ್ಸು ಕುಸಿದಿದ್ದರೆ ಗುಳಿಗೆಯನ್ನೂ ಕೊಡುತ್ತಾರೆ. ಒಮ್ಮೆ ಜಾರಿದರೆ ಹೊರಗೆ ಹಾಕುವುದಿಲ್ಲ, ಮತ್ತೆ ಕೂರಿಸುತ್ತಾರೆ.

ಮೌಲಾಬಿ ತಾವೇ ಅವನ ಮನೆಗೆ ಬಂದರು. ಅವನು ಬಾಗಿಲಲ್ಲೇ ನಿಂತು, "ನನ್ನ ಬಲಿ ಒಂದು ದಿನಾನರ ಒಣಗೇತೇನ್ರಿ? ಚಟ ಹತ್ತಿದಾವ್ರ ಬಲಿ ಹಿಂಗ ಇರತೈತಿ?" ಎಂದು ಕೇಳಿದ. ಅವರು ಹಿಂದಿರುಗಬೇಕಾಯಿತು. ನಮ್ಮ ಓಣಿಯ ಕಟ್ಟಳೆ ಹಾಗಿದೆ: ಯಾರ ಬಲೆ ಹಿಂಡದೆ ಒಣಗುತ್ತದೆಯೋ ಅದಕ್ಕೆ ಕೆಂಪು ಬಟ್ಟೆ ಕಟ್ಟುತ್ತಾರೆ. ಆ ಮನೆಯಲ್ಲಿ ಏನೋ ಸರಿಯಿಲ್ಲ, ಹೋಗಿ ನೋಡಿ ಎಂದು ಅದರ ಅರ್ಥ. ಬಟ್ಟೆ ಕಟ್ಟದ ಮನೆಗೆ ಚಿಕಿತ್ಸೆಯವರು ಎರಡನೆಯ ಸಲ ಹೋಗುವಂತಿಲ್ಲ. ಹೊರಡುವಾಗ ಮೌಲಾಬಿ ನನಗೆ, "ನೀವು ಅವನ ಬಲಿ ಹಿಂಡಾಕತ್ತೀರಿ ಅಂದ್ಕೊಂಡೀರಿ. ಅವನ ಬ್ಯಾನಿ ಸಾಕಾಕತ್ತೀರಿ" ಎಂದರು. ಎರಡು ವರ್ಷ ಅವನ ಬಾಯಿಗೆ ಬಲೆ ಒಣಗಿಲ್ಲವೆಂಬ ಆ ಉತ್ತರ ಕೊಟ್ಟವಳು ನಾನೇ.

ನಿನ್ನೆ ಅವನಿಗೆ ಮುಖ ಕೊಟ್ಟು ಹೇಳಿದೆ, ನಾಳೆಯಿಂದ ಹಿಂಡುವುದಿಲ್ಲ, ಬಿಡುಗಡೆ ಮನೆಗಾದರೆ ಜೊತೆಗೆ ಬರುತ್ತೇನೆ ಎಂದು. ನಕ್ಕ. ನಾನು ಹಿಂಡಿಯೇ ಹಿಂಡುತ್ತೇನೆ ಎಂಬ ನಂಬಿಕೆ ಅವನಿಗೆ.

ನಿಮಗೇ ಯಾಕೆ ಬರೆದೆ ಎಂದರೆ, ನಮ್ಮ ಮನೆಯಲ್ಲಿ ಈಗಲೂ ನಿಮ್ಮ ಕಥೆ ಹೇಳುತ್ತಾರೆ. ನಿಮ್ಮ ಯಜಮಾನರು ಚಂಬಣ್ಣನವರು ಅಂಗೈ ಅಗಲದ ಫೋನಿನಲ್ಲಿ ಕ್ರಿಕೆಟ್ಟಿಗೆ ಬಾಜಿ ಕಟ್ಟುತ್ತ ಕೋಣೆಯಿಂದ ಹೊರಗೆ ಬಾರದಿದ್ದಾಗ, ಅವರ ಝೆರಾಕ್ಸ್ ಅಂಗಡಿಯ ಬಾಗಿಲನ್ನು ನೀವು ತೆಗೆದಿರಿ. ಕೇಳಿದವರಿಗೆಲ್ಲ "ಅವ್ರಿಗೆ ಜ್ವರಾರಿ" ಎಂದಿರಿ. ಅವರ ಅಣ್ಣ ಬಂದರೂ ಜ್ವರ, ಗೆಳೆಯರು ಬಂದರೂ ಜ್ವರ. ಅಷ್ಟು ವರ್ಷ ಜ್ವರ ಬಂದ ಮನುಷ್ಯನನ್ನು ಯಾರೂ ಆಸ್ಪತ್ರೆಗೆ ಕರೆದೊಯ್ಯಲಿಲ್ಲವೇ ಎಂದು ಒಬ್ಬರೂ ಕೇಳಲಿಲ್ಲ. ಗುರುಬಸವ್ವನ ಹಾಗೆ ಮುಚ್ಚಿಕೊಂಡು ಬಾಳ್ವೆ ಮಾಡಬೇಕು ಎಂದು ನನ್ನ ಅವ್ವ ನನಗೆ ಹೇಳಿದಳು, ಅವಳಿಗೆ ಅವಳ ಅವ್ವ ಹೇಳಿದ್ದಳು. ನಿಮ್ಮನ್ನು ದೂರುವ ಯೋಗ್ಯತೆ ನನಗಿಲ್ಲ. ಆದರೆ ಆ ಹೊಗಳಿಕೆ ನನ್ನವರೆಗೂ ಬಂತು. ಅದನ್ನು ನನ್ನ ತಂಗಿಯ ಮಗಳಿಗೂ ನಾನು ಆಗಲೇ ಹೇಳಿಕೊಟ್ಟಿದ್ದೇನೆ.

ಬಿಸಿಲು ಬಲೆಯ ಅರ್ಧಕ್ಕೆ ಇಳಿದಿದೆ. ಮೇಲಿನ ಅರ್ಧ ಆಗಲೇ ಬೆಳ್ಳಗಾಗಿದೆ. ಕೆಳಮನೆಯಲ್ಲಿ ಬಾಣಂತಿ ಇದ್ದಾಳೆ, ಇವತ್ತು ಹೊಂಡಕ್ಕೆ ಒಂದು ಬಲೆಯ ನೀರು ಕಡಿಮೆ. ಆ ಪಾಪವೂ ನನಗೇ ಇರಲಿ. ಪಕ್ಕದ ಬಲೆಯವರು ನನ್ನನ್ನು ನೋಡಿ ಗುಸುಗುಸು ಮಾಡುತ್ತಿದ್ದಾರೆ, ಹೊಗಳುತ್ತಿದ್ದ ಬಾಯಿಗಳೇ. ಎರಡು ಸಲ ಎದ್ದೆ ಆಯಿ. ಎರಡು ಸಲವೂ ಕೂತೆ.

ಬರವಣಿಗೆ ನಡುವೆ ನಿಂತಿತ್ತು. ಈಗ ಮುಂದುವರಿಸುತ್ತೇನೆ.

ಅವನು ಬಂದ. ಬೇರೆಯವರ ಬಲೆಯ ನೀರಿನಲ್ಲಿ ಅಂಗಿ ತೊಯ್ದಿತ್ತು. ತನ್ನ ಬಲೆ ನೋಡಿ, ನನ್ನನ್ನು ನೋಡಿ, "ಹಿಂಡಲೇ ಇಲ್ಲೇನು?" ಎಂದ. ಇಲ್ಲ ಎಂದೆ. ಓಡಿಹೋಗಿ ಬಲೆ ಹಿಡಿದು ಹಿಂಡಿದ. ಏನೂ ಬೀಳಲಿಲ್ಲ. ಓಣಿಯ ಹಿರಿಯ ನಿಂಗಣ್ಣನವರು ಕೆಂಪು ಬಟ್ಟೆ ಹಿಡಿದು ಬಂದವರು ಅವನ ಮುಖ ನೋಡಿ ದೂರದಲ್ಲೇ ನಿಂತರು. ಅವನು ನನ್ನ ಮೇಲೆ ಕೂಗಾಡಿದ. ನೀ ಅಕ್ಕ ಅಲ್ಲ ಎಂದ. ಅದನ್ನು ನೆಲ ನೋಡುತ್ತ ಕೇಳಿಸಿಕೊಂಡೆ. ಕೂಗು ಮುಗಿದ ಮೇಲೆ ಬಲೆಯ ಬುಡದಲ್ಲಿ ಕುಸಿದು ಕೂತ. ಆಮೇಲೆ ನಿಂಗಣ್ಣನವರ ಕಡೆ ಕೈ ಚಾಚಿದ.

"ಕೊಡ್ರಿ ಇಲ್ಲೆ. ನಾನಽ ಕಟ್ತೀನಿ."

ಬಟ್ಟೆಯನ್ನು ಬಲೆಗೆ ಸುತ್ತಿದ. ಗಂಟು ಬೀಳುತ್ತಿರಲಿಲ್ಲ. "ಯಕ್ಕಾ, ನೀ ಹಾಕು" ಎಂದ, ಚಿಕ್ಕವನಿದ್ದಾಗ ಲಾಡಿ ಕಟ್ಟಿಸಿಕೊಳ್ಳಲು ಬರುತ್ತಿದ್ದ ಅದೇ ಧ್ವನಿಯಲ್ಲಿ. ಎದ್ದು ಅವನ ಪಕ್ಕಕ್ಕೆ ಹೋಗಿ ನಿಂತೆ. ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೆ. ಅವನು ಮೂರು ಸಲ ತಪ್ಪಿ ಕೊನೆಗೆ ತಾನೇ ಕಟ್ಟಿದ.

ಬಿಡುಗಡೆ ಮನೆಯ ದಾರಿ ಇಳಿಜಾರು, ಅವನು ಮುಂದೆ ಹೊರಟಿದ್ದಾನೆ, ಓಲೆ ಮುಗಿಸಿ ಸೇರಿಕೊಳ್ಳಬೇಕು. ಗುಣವಾಗುತ್ತಾನೋ ಇಲ್ಲವೋ ಗೊತ್ತಿಲ್ಲ. ನಿಮ್ಮ ಕಾಲದಲ್ಲೂ ಜಿಲ್ಲಾಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರರಿದ್ದರಂತೆ, ಫೋನಿನಲ್ಲೇ ಕಷ್ಟ ಕೇಳಿ ದಾರಿ ಹೇಳುವವರೂ ಇದ್ದರಂತೆ. ಒಂದೇ ಬೇಡಿಕೆ ಆಯಿ. ನಾಳೆ ಅಂಗಡಿಯ ಮುಂದೆ ಯಾರಾದರೂ ನಿಂತು ಚಂಬಣ್ಣ ಎಲ್ಲಿ ಎಂದು ಕೇಳಿದರೆ, ಜ್ವರ ಎನ್ನಬೇಡಿ. ಒಳಗೆ ಹೋಗಿ ಅವರನ್ನೇ ಕರೆಯಿರಿ.